ಎಡಗೈಯ ತುಳಸಿನೀರು

ಶೀಲಾವತಿ ಜೀಪಿನಿಂದ ಇಳಿದಾಗ ಅಂಗಳದಲ್ಲಿದ್ದವರ ಮಾತು ನಿಂತಿತು.

ಅವಳ ತಮ್ಮ ಅಚ್ಚುತನನ್ನು ಜಗಲಿಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ತಲೆಗೆ ಬಿಳಿ ಪಂಚೆ ಸುತ್ತಿತ್ತು. ಅದರ ಒಂದು ಮಗ್ಗುಲು ಕೆಂಪಾಗಿ ಒಣಗಿತ್ತು. ತಲೆಯ ಬಳಿ ದೀಪ ಉರಿಯುತ್ತಿತ್ತು.

ಬೆಳಿಗ್ಗೆ ಏಳೂವರೆಗೆ ಪುತ್ತೂರಿನ ಮನೆಯಲ್ಲಿ ಅವಳು ದೇವರಿಗೆ ಹೂ ಇಡುತ್ತಿದ್ದಾಗ ಫೋನು ಬಂದಿತ್ತು. ಅಚ್ಚುತನ ಸೊಸೆ ನವ್ಯಾ "ಅತ್ತೆ, ಮಾವ ಹೋದ್ರು. ರಬ್ಬರ್ ಶೆಡ್ಡಿನಲ್ಲಿ ಬಿದ್ದಿದ್ರು" ಎಂದಷ್ಟೇ ಹೇಳಿ ಫೋನ್ ಇಟ್ಟಿದ್ದಳು. ಕಡಬದವರೆಗೆ ಬಸ್ಸು, ಅಲ್ಲಿಂದ ತಮ್ಮನ ಊರಾದ ಇಚಿಲಂಪಾಡಿಗೆ ಪೋಕರ್ ಬ್ಯಾರಿಯ ಜೀಪು. ದಾರಿಯುದ್ದಕ್ಕೂ ಅವಳಿಗೆ ನೆನಪಾದದ್ದು ಒಂದೇ. ಹೋದ ಭಾನುವಾರ ಅಚ್ಚುತ ಫೋನಿನಲ್ಲಿ, "ಅಕ್ಕ, ಒಮ್ಮೆ ಬಂದು ಹೋಗು. ಒಂದು ವಿಷಯ ಉಂಟು, ಫೋನಲ್ಲಿ ಹೇಳುವಂಥದ್ದಲ್ಲ" ಎಂದಿದ್ದ. ಏಕಾದಶಿ ಕಳೆಯಲಿ ಎಂದು ಅವಳು ಮುಂದೆ ಹಾಕಿದ್ದಳು.

ಅಂಗಳದ ಅಂಚಿನಲ್ಲಿ ಪೊಲೀಸ್ ಜೀಪು ನಿಂತಿತ್ತು. ಅದರ ಹಿಂದಿನ ಸೀಟಿನಲ್ಲಿ ಕುಳಿತ ಹುಡುಗನನ್ನು ಕಂಡು ಪೋಕರ್ ಬ್ಯಾರಿಯ ಕಾಲು ಅಲ್ಲೇ ನಿಂತಿತು. ಅದು ಅವರ ಮಗ ಅಫ್ರೀದ್.

"ಎಂತ ಸಾರ್ ಇದು? ಇವನನ್ನು ಯಾಕೆ?"

"ಏಳು ಗಂಟೆಗೆ ಇವನ ಪಿಕಪ್ ಇಲ್ಲಿಂದ ಬಿರುಸಾಗಿ ಇಳಿದದ್ದನ್ನು ಮೂರು ಜನ ನೋಡಿದ್ದಾರೆ. ಅದರ ನಂತರ ಸಿಕ್ಕಿದ್ದು ಹೆಣ" ಎಂದರು ಎಸ್ಸೈ.

ಅಫ್ರೀದ್ ಎರಡೂ ಕೈ ಜೋಡಿಸಿದ. "ರಬ್ಬರ್ ಶೀಟ್ ತಕೊಂಡು ಹೋಗ್ಲಿಕ್ಕೆ ಬಂದದ್ದು ಸಾರ್. ಅಂಗಳದಲ್ಲಿ ನಿಂತು ನಾಲ್ಕು ಸಲ ಕರೆದೆ. ಯಾರೂ ಓ ಅನ್ಲಿಲ್ಲ. ಕೊಯಿಲ ಪೇಟೆಗೆ ಹೋಗ್ಲಿಕ್ಕೆ ತಡ ಆಗ್ತದೆ ಅಂತ ಹೋದೆ. ಶೆಡ್ಡಿನ ಕಡೆಗೆ ನಾನು ಹೋಗ್ಲೇ ಇಲ್ಲ."

"ಸ್ಟೇಶನಿನಲ್ಲಿ ಹೇಳು."

ಶೀಲಾವತಿ ಜಗಲಿ ಏರಿ ತಮ್ಮನ ಬಳಿ ಕುಳಿತಳು. ಅವನ ಎರಡೂ ಕೈಗಳನ್ನು ತನ್ನ ಮಡಿಲಿಗೆ ಎತ್ತಿಕೊಂಡಳು. ರಬ್ಬರ್ ಹಾಲಿನ ಕರೆ ಹಿಡಿದ, ಒರಟಾದ ಬೆರಳುಗಳು. ಒಂದು ತರಚು ಗಾಯವೂ ಇರಲಿಲ್ಲ.

"ಹೆಣ ಪೋಸ್ಟ್‌ಮಾರ್ಟಮಿಗೆ ಸಾಗಿಸ್ಬೇಕು. ನೀರು ಬಿಡುವವರು ಬೇಗ ಬಿಡಿ" ಎಂದರು ಎಸ್ಸೈ. "ಮೊದಲೇ ಶೆಡ್ಡಿನಿಂದ ಎತ್ತಿಕೊಂಡು ಬಂದು ಎಲ್ಲ ಹಾಳು ಮಾಡಿದ್ದೀರಿ."

ಅಚ್ಚುತನ ತೀರಿಹೋದ ಹೆಂಡತಿಯ ಅಣ್ಣ ಕೃಷ್ಣಮೋಹನ ಹಿರಿಯನಾಗಿ ಮುಂದೆ ನಿಂತಿದ್ದ. ತಾಮ್ರದ ತಂಬಿಗೆಗೆ ತುಳಸಿ ಹಾಕಿ, "ಉದಯ, ಮೊದಲು ನೀನು" ಎಂದು ಕರೆದ.

ಅಚ್ಚುತನ ಒಬ್ಬನೇ ಮಗ ಉದಯ ಬಂದು ಮಂಡಿಯೂರಿದ. ಹೆಗಲಿನಿಂದ ಇಳಿಬಿಟ್ಟ ಬೈರಾಸಿನ ಬಟ್ಟೆ ಅವನ ಬಲಗೈಯನ್ನು ಪೂರ್ತಿ ಮುಚ್ಚಿತ್ತು. ಅವನು ಎಡಗೈ ಚಾಚಿ ತುಳಸಿಯ ಕುಡಿಯನ್ನು ನೀರಲ್ಲಿ ಅದ್ದಿದ.

"ಏ, ಬಲಗೈ ಮಾರಾಯ! ಅಪ್ಪನಿಗೆ ಎಡಗೈಯಲ್ಲಿ ನೀರು ಬಿಡುದಾ?"

"ಕೈಗೆ ಕಟ್ಟಿಗೆ ಬಿದ್ದಿದೆ ಮಾವ. ಎತ್ಲಿಕ್ಕೆ ಆಗುದಿಲ್ಲ."

"ಎತ್ಲಿಕ್ಕೆ ಆಗದಷ್ಟು ಎಂತ? ರಕ್ತ ಬಂದಿದೆಯಾ?"

"ರಕ್ತ ಬರ್ಲಿಲ್ಲ" ಎಂದಳು ಬಾಗಿಲಲ್ಲಿ ನಿಂತಿದ್ದ ನವ್ಯಾ. "ಬರೇ ಬಾತಿದೆ. ನಾನೇ ಕಟ್ಟಿದ್ದೇನೆ."

ಎಡಗೈಯಿಂದಲೇ ನೀರು ಬಿತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಡಿಸೆಂಬರಿನ ಚಳಿಯ ಬೆಳಗಿನಲ್ಲಿ ಉದಯನ ಹಣೆಯಿಂದ ಬೆವರಿಳಿಯುತ್ತಿತ್ತು. ಅಪ್ಪನನ್ನು ಕಳೆದುಕೊಂಡವನ ಬೆವರು ಅದಲ್ಲ ಎಂದು ಶೀಲಾವತಿಗೆ ಅನಿಸಿತು. ಮೂವತ್ತೊಂದು ವರ್ಷ ಪುತ್ತೂರಿನ ಆಸ್ಪತ್ರೆಯ ಆಪರೇಶನ್ ಥಿಯೇಟರಿನಲ್ಲಿ ನರ್ಸಾಗಿ ನಿಂತವಳು ಅವಳು. ಗಾಯಕ್ಕೆ ತಕ್ಕ ನೋವು ಯಾವುದು, ಗಾಯವನ್ನು ಮೀರಿದ ನೋವು ಯಾವುದು ಎಂದು ಮುಖ ನೋಡಿಯೇ ಹೇಳಬಲ್ಲವಳು.

ಹೆಣ ಹೋಯಿತು. ಅಫ್ರೀದನನ್ನೂ ಕರೆದೊಯ್ದರು. ಪೋಕರ್ ಬ್ಯಾರಿ ತನ್ನ ಜೀಪಿನ ಮಡ್‌ಗಾರ್ಡ್ ಹಿಡಿದುಕೊಂಡು ನಿಂತೇ ಇದ್ದರು.

ಶೀಲಾವತಿ ರಬ್ಬರ್ ಶೆಡ್ಡಿನ ಕಡೆಗೆ ನಡೆದಳು.

ಕಾವಲಿಗಿದ್ದ ಪೊಲೀಸಿನವನು ತಡೆದ. "ಒಳಗೆ ಹೋಗುವ ಹಾಗಿಲ್ಲಮ್ಮ."

"ಹೋಗುದಿಲ್ಲ ಮಗ. ತಮ್ಮ ಬಿದ್ದ ಜಾಗ ಒಮ್ಮೆ ನೋಡ್ತೇನೆ, ಅಷ್ಟೆ."

ಹೊಸ್ತಿಲಿನಿಂದಲೇ ಎಲ್ಲ ಕಾಣುತ್ತಿತ್ತು. ಶೆಡ್ಡಿನ ನಡುವೆ ಕೈಯಿಂದ ತಿರುಗಿಸುವ ಹಳೆಯ ರೋಲರ್. ಹೆಪ್ಪುಗಟ್ಟಿದ ರಬ್ಬರ್ ಹಾಲಿನ ದಪ್ಪ ಬಿಲ್ಲೆಯನ್ನು ಒಬ್ಬ ಮುಂದಿನಿಂದ ಕೊಡಬೇಕು, ಇನ್ನೊಬ್ಬ ಬದಿಯಲ್ಲಿ ನಿಂತು ಹಿಡಿಕೆ ತಿರುಗಿಸಬೇಕು. ಎರಡು ಕಬ್ಬಿಣದ ಉರುಳೆಗಳ ನಡುವೆ ಬಿಲ್ಲೆ ಶೀಟ್ ಆಗಿ ಹೊರಬರುತ್ತದೆ. ಹಿಡಿಕೆಯ ಪಕ್ಕದಲ್ಲಿ, ಸಿಮೆಂಟ್ ನೆಲದ ಮೇಲೆ, ರಕ್ತದ ಕಲೆ ಇತ್ತು. ಹಿಡಿಕೆಗೂ ಬಿಲ್ಲೆ ಕೊಡುವ ಜಾಗಕ್ಕೂ ನಡುವೆ, ತಂತಿಯ ಮೇಲೆ ಹಸಿ ಶೀಟುಗಳು ಪರದೆಯ ಹಾಗೆ ನೇತಾಡುತ್ತಿದ್ದವು.

ಉರುಳೆಗಳ ನಡುವೆ ಒಂದು ಶೀಟ್ ಅರ್ಧಕ್ಕೆ ನಿಂತಿತ್ತು. ಅವಳು ಕನ್ನಡಕ ಸರಿಮಾಡಿಕೊಂಡಳು. ಹಿಂದಕ್ಕೆ ಜಾರಿದ ಆ ಬಿಳಿ ಬಿಲ್ಲೆಯಲ್ಲಿ ಐದು ಬೆರಳು, ಅರ್ಧ ಅಂಗೈ, ಅಚ್ಚು ಹಾಕಿದಂತೆ ಕುಳಿಬಿದ್ದಿತ್ತು. ಉರುಳೆಗಳನ್ನು ಬಿಗಿಹಿಡಿಯುವ ಮೇಲಿನ ತಿರುಪುಗಳಲ್ಲಿ ಒಂದು ಪೂರ್ತಿ ಸಡಿಲವಾಗಿತ್ತು.

ಒಂದು ಕೈ ಈ ರೋಲರಿಗೆ ಸಿಕ್ಕಿತ್ತು. ತಮ್ಮನ ಕೈಗಳನ್ನು ಅವಳು ಈಗತಾನೆ ಹಿಡಿದು ನೋಡಿದ್ದಳು. ಅಫ್ರೀದ್ ಎರಡೂ ಕೈ ಜೋಡಿಸಿ ಬೇಡಿಕೊಂಡಿದ್ದ.

ಅವಳು ಹಿಂದಿರುಗಿದಳು, ಈ ಬಾರಿ ಬೇಗ ಬೇಗ.

ಉದಯ ಬಚ್ಚಲಿನ ಹಿಂದೆ, ಸೌದೆಯ ರಾಶಿಗೆ ಒರಗಿ ಒಬ್ಬನೇ ಕುಳಿತಿದ್ದ.

"ಕೈ ತೋರಿಸು."

"ಎಂತ ಇಲ್ಲ ಅತ್ತೆ. ನೀವು ಒಳಗೆ ಹೋಗಿ."

"ಹುಟ್ಟಿದಾಗ ನಿನ್ನನ್ನು ಮೊದಲು ಎತ್ತಿಕೊಂಡದ್ದು ನಾನು. ತೋರಿಸು."

ಬೈರಾಸು ಸರಿಸಿದಳು. ಒಳಗೆ ಇನ್ನೊಂದು ಬಟ್ಟೆಯನ್ನು ಅಂಗೈಯಿಂದ ಮಣಿಕಟ್ಟಿನವರೆಗೆ ಒತ್ತೊತ್ತಾಗಿ ಬಿಗಿದು, ಮೂರು ಗಂಟು ಹಾಕಲಾಗಿತ್ತು. ಗಂಟು ಕೈಗೆ ಬರಲಿಲ್ಲ. ಸೌದೆಯ ಬಳಿ ಇದ್ದ ಕತ್ತಿಯ ತುದಿಯಿಂದ ಅದನ್ನು ಕೊಯ್ದಳು.

ಹೊರಬಂದ ಕೈ ಇಪ್ಪತ್ತೊಂಬತ್ತು ವರ್ಷದವನ ಕೈಯಂತೆ ಇರಲಿಲ್ಲ. ಎರಡು ಪಾಲು ಬಾತಿತ್ತು. ಚರ್ಮ ಹೊಳೆಯುತ್ತಿತ್ತು. ಒತ್ತಿದರೆ ತಗ್ಗದೆ ಮರದಂತೆ ಗಟ್ಟಿಯಾಗಿತ್ತು. ಬೆರಳುಗಳು ಅರ್ಧ ಮಡಚಿ ನಿಂತಿದ್ದವು, ತುದಿಗಳು ಬಿಳಿಚಿದ್ದವು. ಎಲ್ಲೂ ಚರ್ಮ ಹರಿದಿರಲಿಲ್ಲ.

ಅವಳು ನಡುಬೆರಳನ್ನು ಹಿಡಿದು ಕೂದಲೆಳೆಯಷ್ಟು ನೇರ ಮಾಡಿದಳು. ಉದಯ ಹೆಗಲಿನ ಬಟ್ಟೆಯನ್ನು ಬಾಯಲ್ಲಿ ಕಚ್ಚಿ ಗೋಡೆಗೆ ತಲೆ ಹೊಡೆದುಕೊಂಡ.

"ಜುಮುಜುಮು ಆಗ್ತದಾ?"

"ಮೊದಲು ಆಗ್ತಿತ್ತು. ಈಗ ಬೆರಳು ಉಂಟೋ ಇಲ್ವೋ ಅಂತಲೇ ಗೊತ್ತಾಗುದಿಲ್ಲ. ಒಳಗೆ ಮಾತ್ರ ಬೆಂಕಿ."

"ಎಷ್ಟು ಗಂಟೆಗೆ ಸಿಕ್ಕಿದ್ದು?"

ಅವನು ಬೈರಾಸನ್ನು ಮತ್ತೆ ಕೈಯ ಮೇಲೆ ಎಳೆದುಕೊಂಡ.

"ಶೆಡ್ ನೋಡಿ ಬಂದೆ ಉದಯ. ನಿನ್ನ ಐದು ಬೆರಳೂ ಅಲ್ಲಿ ಶೀಟಿನಲ್ಲಿ ಉಂಟು. ಎಷ್ಟು ಗಂಟೆಗೆ?"

"ಆರೂಮುಕ್ಕಾಲು."

ಅವಳು ಕೈಗಡಿಯಾರ ನೋಡಿದಳು. ಹತ್ತೂ ಇಪ್ಪತ್ತು. ಕೊಲೆಯ ಮಾತು ಕೇಳಬೇಕಾದದ್ದು ಇದೇ ಹೊತ್ತು ಎಂದು ಅವಳ ಒಂದು ಮನಸ್ಸು ಹೇಳಿತು. ಇನ್ನೊಂದು ಮನಸ್ಸು ಗಂಟೆ ಎಣಿಸಿತು.

"ಕೇಳು. ಕೈಯೊಳಗೆ ಮಾಂಸ ಸಣ್ಣ ಸಣ್ಣ ಚೀಲದಲ್ಲಿ ಕಟ್ಟಿಟ್ಟ ಹಾಗೆ ಉಂಟು. ಜಜ್ಜಿದ ಮಾಂಸ ಬಾತುಕೊಳ್ತದೆ, ಚೀಲ ಹಿಗ್ಗುದಿಲ್ಲ. ಒತ್ತಡ ಏರಿ ಏರಿ ಒಳಗೆ ರಕ್ತ ಓಡುದೇ ನಿಲ್ತದೆ. ಹೊರಗೆ ರಕ್ತ ಬಾರದ ಕಾರಣ ನೀವೆಲ್ಲ ಏನೂ ಇಲ್ಲ ಅಂತ ತಿಳ್ಕೊಂಡ್ರಿ. ಅದರ ಮೇಲೆ ಬಿಗಿದು ಬೇರೆ ಕಟ್ಟಿದ್ದೀರಿ. ಆರು ಗಂಟೆ ಹೊತ್ತು ದಾಟಿದ್ರೆ ಮಾಂಸ ಸಾಯ್ಲಿಕ್ಕೆ ಸುರು. ಈಗಲೇ ಪುತ್ತೂರಿಗೆ ಹೋಗಿ ಕೊಯ್ದು ಬಿಡಿಸ್ಬೇಕು."

"ನಾನು ಬರುದಿಲ್ಲ."

"ಯಾಕೆ?"

"ಹೇಗಾಯ್ತು ಅಂತ ಡಾಕ್ಟರು ಕೇಳ್ತಾರೆ."

"ಕೇಳ್ತಾರೆ. ಪೊಲೀಸರಿಗೂ ತಿಳಿಸ್ತಾರೆ. ನಿನ್ನ ಹತ್ತಿರ ಸುಳ್ಳು ಹೇಳಿ ಕರ್ಕೊಂಡು ಹೋಗುದಿಲ್ಲ ನಾನು."

"ಹಾಗಾದ್ರೆ ಕೈ ಹೋಗ್ಲಿ ಅತ್ತೆ. ಒಂದು ಕೈ ತಾನೆ?"

ಕೈಯನ್ನೇ ಕೊಟ್ಟು ಮುಚ್ಚಿಡಬೇಕಾದ ಸಂಗತಿ ಎಂಥದ್ದಿರಬಹುದು? ಇವನೇ ತಂದೆಯನ್ನು ದೂಡಿದನೆ? ಮಾತು ನಾಲಗೆಯ ತುದಿಗೆ ಬಂದಿತ್ತು. ನುಂಗಿದಳು.

"ನಿನ್ನ ಅಪ್ಪನಿಗೆ ಕೊಳ್ಳಿ ಇಡುವವ ನೀನು" ಎಂದಳು ಮೆಲ್ಲಗೆ. "ಹನ್ನೊಂದನೆಯ ದಿನ ಪಿಂಡ ಇಡುವವನೂ ನೀನು. ವರ್ಷ ವರ್ಷ ಎಳ್ಳುನೀರು ಬಿಡುವವನೂ ನೀನೇ. ಅದು ಯಾವ ಕೈ? ಇವತ್ತು ಎಲ್ಲರ ಎದುರು ಎಡಗೈಯಲ್ಲಿ ನೀರು ಬಿಟ್ಟಿ. ಬಾಕಿ ಆಯುಷ್ಯ ಪೂರ್ತಿ ಅಚ್ಚುತನಿಗೆ ಎಡಗೈಯ ನೀರೇ ಸಾಕಾ?"

ಉದಯ ಅಲ್ಲಿಯವರೆಗೂ ಅತ್ತಿರಲಿಲ್ಲ. ಈಗ ಅವನ ಗಲ್ಲ ಅದುರತೊಡಗಿತು. ಎಡಗೈ ಊರಿ ಎದ್ದು ನಿಂತ.

ಅಂಗಳದಲ್ಲಿ ಕೃಷ್ಣಮೋಹನ ಅಡ್ಡ ಬಂದ. "ಎಲ್ಲಿಗೆ ಹೊರಟ್ರಿ? ಹೆಣ ಮೂರು ಗಂಟೆಗೆ ಬರ್ತದೆ. ಮಗ ಇಲ್ಲದೆ ಸುಡುದಾ?"

"ನಾಳೆ ಸುಡುವ."

"ನಾಳೆ? ಕೈ ನೋವಿಗೆ ಅಪ್ಪನ ಹೆಣ ಕಾಯ್ಬೇಕಾ? ಒಂಚೂರು ಎಣ್ಣೆ ಬಿಸಿ ಮಾಡಿ ತಿಕ್ಕಿದ್ರೆ ಇಳಿಯುವ ಬಾವು ಅದು. ನಿನಗೆ ಎಲ್ಲವೂ ಆಪರೇಶನ್ನೇ ಕಾಣುದು ಶೀಲಾ!"

"ಎಣ್ಣೆ ತಿಕ್ಕಿದ್ರೆ ನಾಳೆ ಕೊಳ್ಳಿ ನೀವೇ ಇಡ್ಬೇಕಾಗ್ತದೆ ಭಾವ. ದಾರಿ ಬಿಡಿ. ತಮ್ಮನಿಗೆ ಕಾದು ಅಭ್ಯಾಸ ಉಂಟು. ಕರೆದಾಗ ನಾನು ಬರ್ಲಿಲ್ಲ, ಆಗ್ಲೂ ಕಾದ."

ಅವನು ಬದಿಗೆ ಸರಿದ. ನವ್ಯಾ ಸೆರಗು ಸುತ್ತಿಕೊಂಡು ಓಡಿ ಬಂದಳು. "ನಾನೂ ಬರ್ತೇನೆ ಅತ್ತೆ."

ಇದ್ದ ವಾಹನ ಒಂದೇ. ಶೀಲಾವತಿ ಪೋಕರ್ ಬ್ಯಾರಿಯ ಮುಂದೆ ನಿಂತಳು. ಏನೆಂದು ಕೇಳುವುದು? ಅವರ ಮಗ ಈಗ ಸ್ಟೇಶನಿನಲ್ಲಿ.

"ಪೋಕರಾಕ, ನಿಮಗೆ ಕಡಬಕ್ಕೆ, ಮಗನ ಹತ್ತಿರ ಹೋಗ್ಲಿಕ್ಕೆ ಉಂಟು. ಗೊತ್ತುಂಟು ನನಗೆ..."

ಪೋಕರ್ ಬ್ಯಾರಿ ಉದಯನ ಕೈಯನ್ನು ಒಂದು ಗಳಿಗೆ ನೋಡಿದರು. "ಹತ್ತಿ ಶೀಲಕ್ಕ. ಸ್ಟೇಶನಿಗೆ ನನ್ನ ತಮ್ಮ ಹಂಝ ಹೋಗ್ತಾನೆ. ಇದು ಕಾಯುವ ಕೈ ಅಲ್ಲ."

ಜೀಪು ಇಳಿಯಿತು. ಕುಲುಕಿದಾಗಲೆಲ್ಲ ಉದಯ ಹಲ್ಲು ಕಚ್ಚುತ್ತಿದ್ದ. ನವ್ಯಾ ಅವನ ಕೈಯನ್ನು ಎತ್ತರಕ್ಕೆ ಹಿಡಿಯಹೋದಳು.

"ಎತ್ಬೇಡ. ಮೇಲೆ ಹಿಡಿದ್ರೆ ಇರುವ ರಕ್ತವೂ ಹೋಗುದಿಲ್ಲ. ಕೆಳಗೂ ಬಿಡ್ಬೇಡ. ಎದೆಯ ನೇರಕ್ಕೆ ಇರ್ಲಿ."

"ಕೈ ಉಳೀತದಾ ಅತ್ತೆ?"

"ದೇವರು ಮತ್ತು ಪೋಕರಾಕ ಮನಸ್ಸು ಮಾಡಿದ್ರೆ ಉಳೀತದೆ."

"ನನ್ನನ್ನು ಅವನ ಜೊತೆ ಸೇರಿಸ್ಬೇಡಿ ಶೀಲಕ್ಕ, ನನ್ನ ಬ್ರೇಕ್ ಅಷ್ಟು ಒಳ್ಳೇದಿಲ್ಲ" ಎಂದರು ಪೋಕರ್ ಬ್ಯಾರಿ. ಮಾತು ಹಾಸ್ಯದ್ದು. ಕನ್ನಡಿಯಲ್ಲಿ ಕಂಡ ಕಣ್ಣು ಒದ್ದೆಯಾಗಿತ್ತು.

ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಪುತ್ತೂರು ಮುಟ್ಟಿದರು.

ಕೈಗಳ ಶಸ್ತ್ರವೈದ್ಯೆ ಡಾಕ್ಟರ್ ರಮ್ಲತ್ ಒಂದು ಕಾಲದಲ್ಲಿ ಶೀಲಾವತಿಯಿಂದಲೇ ಗ್ಲೌಸು ಹಾಕಿಸಿಕೊಂಡು ಕೆಲಸ ಕಲಿತವರು. ಬೆರಳು ಚಾಚಿಸಿ ನೋಡಿದರು. ಎಕ್ಸ್‌ರೇಯಲ್ಲಿ ಮೂಳೆಗಳು ನೆಟ್ಟಗಿದ್ದವು. ಬಿಲ್ಲೆ ದಪ್ಪವಿದ್ದದ್ದರಿಂದ ಉರುಳೆಗಳ ನಡುವೆ ಜಾಗ ಇತ್ತು, ಅಷ್ಟು ಪುಣ್ಯ. ಆದರೆ ಒತ್ತಡ ಅಳೆಯುವ ಸೂಜಿಯನ್ನು ಕೈಯ ಹಿಂಬದಿಗೆ ಚುಚ್ಚಿದಾಗ ನಲವತ್ತೆಂಟು ತೋರಿಸಿತು.

"ಮೂವತ್ತು ದಾಟಿದ್ರೇ ನಾವು ಕಾಯುದಿಲ್ಲ. ಈಗಲೇ ತೆರೀಬೇಕು" ಎಂದರು ಅವರು. ಮತ್ತೆ ತಗ್ಗಿದ ದನಿಯಲ್ಲಿ, "ಸಿಸ್ಟರ್, ಇದು ಕಟ್ಟಿಗೆ ಬಿದ್ದ ಗಾಯ ಅಲ್ಲ. ನಾನು ಬರೀಲೇಬೇಕು. ಪೊಲೀಸರಿಗೆ ಹೋಗ್ತದೆ."

"ಬರೀರಿ ಡಾಕ್ಟ್ರೆ."

"ಅವನು ಬೆಳಿಗ್ಗೆ ತಿಂಡಿ ತಿಂದಿದ್ದಾನಂತೆ. ಪೂರ್ತಿ ಮಲಗಿಸುದಿಲ್ಲ. ತೋಳು ಮಾತ್ರ ಮರಗಟ್ಟಿಸ್ತೇವೆ. ನೀವು ಒಳಗೆ ಬನ್ನಿ. ತಲೆಯ ಹತ್ತಿರ ನಿಂತು ಅವನನ್ನು ಮಾತಾಡಿಸ್ತಾ ಇರಿ."

ನಿವೃತ್ತಿಯಾದ ಎರಡು ವರ್ಷದ ನಂತರ ಶೀಲಾವತಿ ಮತ್ತೆ ಆ ಬಾಗಿಲು ದಾಟಿದಳು. ಚೂರಿ ಕೊಡುವ ಕೆಲಸ ಈಗ ಬೇರೆಯವರದು. ಉದಯನ ಮುಖಕ್ಕೂ ಕೈಗೂ ನಡುವೆ ಹಸಿರು ಬಟ್ಟೆ ಕಟ್ಟಿದ್ದರು. ಆಚೆ ಬದಿ ಅವಳಿಗೆ ಮಾತ್ರ ಕಾಣುತ್ತಿತ್ತು.

ಡಾಕ್ಟರ್ ರಮ್ಲತ್ ಕೈಯ ಹಿಂಬದಿಯಲ್ಲಿ ತೋರುಬೆರಳಿನ ಮೂಳೆಯ ಗುಂಟ ಒಂದು ಗೆರೆ ಎಳೆದರು, ಉಂಗುರ ಬೆರಳಿನ ಗುಂಟ ಇನ್ನೊಂದು. ಕೊಯ್ದ ಚರ್ಮ ತಾನಾಗಿ ಬಾಯಿ ಬಿಟ್ಟಿತು. ಅದರಡಿಯ ಬಿಳಿಯ ಪೊರೆಯನ್ನು ಕತ್ತರಿಯಿಂದ ಸೀಳಿದೊಡನೆ ಮಾಂಸ ಉಬ್ಬಿ ಹೊರಗೆ ಬಂತು. ಬಣ್ಣ ಕೆಂಪಲ್ಲ, ಮಸಿ ಬೆರೆಸಿದಂಥ ಕಂದು. ಹೆಬ್ಬೆರಳಿನ ಬುಡದಲ್ಲಿ ಮೂರನೆಯ ಗೆರೆ. ಕಿರುಬೆರಳಿನ ಬದಿಯಲ್ಲಿ ನಾಲ್ಕನೆಯದು. ಕೊನೆಗೆ ಅಂಗೈಯಿಂದ ಮಣಿಕಟ್ಟಿಗೆ ಇಳಿದು, ನರ ಹಾಯುವ ಇಕ್ಕಟ್ಟಿನ ದಾರಿಯನ್ನೂ ಬಿಡಿಸಿದರು.

ಎಲ್ಲರೂ ಮಾಂಸದ ಬಣ್ಣವನ್ನೇ ನೋಡುತ್ತಿದ್ದರು.

ನಾಲ್ಕು ನಿಮಿಷ ಕಳೆಯಿತು. ಕಂದು ತಿಳಿಯಾಯಿತು. ಆಮೇಲೆ ಒಂದು ಕಡೆಯಿಂದ ಕೆಂಪು ಹರಡಿತು. ಡಾಕ್ಟರು ಇಕ್ಕಳದ ತುದಿಯಿಂದ ಮುಟ್ಟಿದಾಗ ಮಾಂಸ ಸಣ್ಣಗೆ ಅದುರಿತು. ಬಿಳಿಚಿದ್ದ ಬೆರಳ ತುದಿಗಳಿಗೆ ಬಣ್ಣ ಬಂತು.

"ಜೀವ ಉಂಟು" ಎಂದರು ಡಾಕ್ಟರ್ ರಮ್ಲತ್. "ಹೊಲಿಯುದಿಲ್ಲ, ತೆರೆದೇ ಬಿಡ್ತೇನೆ. ಎರಡು ದಿನ ಬಿಟ್ಟು ಮತ್ತೆ ನೋಡುವ. ಆದ್ರೆ ಕೈ ಉಳಿಯಿತು ಅಂತ ಹೇಳ್ಬಹುದು."

ಶೀಲಾವತಿ ಬಾಗಿ ಸೋದರಳಿಯನ ಕಿವಿಯಲ್ಲಿ ಅದನ್ನು ಹೇಳಿದಳು. ಬೆಳಗಿನಿಂದ ಮೊದಲ ಬಾರಿಗೆ ನೋವಿಲ್ಲದೆ ಮಲಗಿದ್ದ ಅವನ ಕಣ್ಣಿನಿಂದ ನೀರು ಕಿವಿಗೆ ಇಳಿಯಿತು.

"ಅತ್ತೆ," ಎಂದ. ಡಾಕ್ಟರಿಗೆ ಕೇಳಿಸದಷ್ಟು ಸಣ್ಣ ದನಿ. "ಹಿಡಿಕೆ ತಿರುಗಿಸ್ತಾ ಇದ್ದದ್ದು ಅಪ್ಪ. ನಾನು ಶೀಟ್ ಕೊಡ್ತಾ ಇದ್ದೆ."

"ಸುಮ್ಮನಿರು. ಆಮೇಲೆ ಹೇಳುವಿಯಂತೆ."

"ಇಲ್ಲ, ಈಗಲೇ. ಆಮೇಲೆ ನನಗೆ ಹೇಳ್ಲಿಕ್ಕೆ ಧೈರ್ಯ ಬರ್ಲಿಕ್ಕಿಲ್ಲ. ಏನೋ ದಬ್ ಅಂತ ಕೇಳ್ತು. ಅಪ್ಪ 'ಅಯ್ಯೋ' ಅಂದ್ರು, ಬಿದ್ದದ್ದು ಗೊತ್ತಾಯ್ತು. ರೋಲರ್ ನಿಂತಿತು. ಅಪ್ಪಾ ಅಂತ ಕರೆದು, ಬಿಲ್ಲೆಯಿಂದ ಕೈ ತೆಗೀಬೇಕು ಅನ್ನುವಷ್ಟರಲ್ಲಿ..."

"ಅಷ್ಟರಲ್ಲಿ?"

"ರೋಲರ್ ಮತ್ತೆ ತಿರುಗಿತು ಅತ್ತೆ. ಅಪ್ಪ ನೆಲದಲ್ಲಿ ಇದ್ರು. ಆದ್ರೂ ತಿರುಗಿತು."

ಶೀಲಾವತಿಯ ಕೈ ಅವನ ಹಣೆಯ ಮೇಲೆ ಹಾಗೆಯೇ ನಿಂತಿತು. ಆ ಹಿಡಿಕೆ ತಾನಾಗಿ ತಿರುಗುವಂಥದ್ದಲ್ಲ. ಅದನ್ನು ಎರಡು ಕೈ ಸೇರಿಸಿ ಒತ್ತಬೇಕು. ಯಾರೋ ಇವನ ಕೈಯನ್ನು ಬೇಕೆಂದೇ ಒಳಗೆ ಎಳೆದಿದ್ದರು, ಇವನು ಸುತ್ತಿ ಬಂದು ನೋಡಬಾರದೆಂದು.

"ಯಾರು?"

"ಮುಖ ಕಾಣ್ಲಿಲ್ಲ. ನಡುವೆ ಹಸಿ ಶೀಟ್ ನೇತಾಡ್ತಿತ್ತು. ಎಡಗೈಯಲ್ಲಿ ತಿರುಪು ಸಡಿಲ ಮಾಡಿ ಕೈ ಬಿಡಿಸುವಾಗ ಬಗ್ಗಿದೆ. ಶೀಟಿನ ಅಡಿಯಲ್ಲಿ ಕಾಲು ಮಾತ್ರ ಕಂಡಿತು." ಅವನು ಕಣ್ಣು ಮುಚ್ಚಿದ. "ಹೆಂಗಸಿನ ಕಾಲು. ಕಾಲುಂಗುರ ಇತ್ತು."

ಹಸಿರು ಬಟ್ಟೆಯಾಚೆ ಡಾಕ್ಟರು ಒದ್ದೆ ಗಾಜ್ ಬಟ್ಟೆ ಹಾಸುತ್ತಿದ್ದರು.

"ಊರಲ್ಲಿ ಕಾಲುಂಗುರ ಹಾಕುವವರು ಎಷ್ಟೋ ಜನ ಇದ್ದಾರಲ್ಲ ಅತ್ತೆ?" ಎಂದ ಉದಯ, ಚಿಕ್ಕ ಮಗುವಿನ ಹಾಗೆ. "ಎಷ್ಟೋ ಜನ ಇದ್ದಾರೆ. ಅದಕ್ಕೆ ನಾನು ಯಾರಿಗೂ ಹೇಳ್ಲಿಲ್ಲ. ಸುತ್ತಿ ಹೋಗಿ ನೋಡುವಾಗ ಅಲ್ಲಿ ಯಾರೂ ಇರ್ಲಿಲ್ಲ, ಅಪ್ಪನ ಉಸಿರೂ ಇರ್ಲಿಲ್ಲ. ಮನೆಗೆ ಬಂದು ಕೈ ಚಾಚಿದೆ. ನವ್ಯಾ ಬಟ್ಟೆ ತಂದು ಕಟ್ಟಿದ್ಳು. ಬಿಗಿಯಾಗಿ ಕಟ್ಟಿದ್ಳು. ಆದ್ರೆ ಕೈಗೆ ಏನಾಯ್ತು ಅಂತ ಮಾತ್ರ..." ಅವನು ಮುಖವನ್ನು ಆಚೆಗೆ ಹೊರಳಿಸಿದ. "ಕೇಳ್ಲೇ ಇಲ್ಲ ಅತ್ತೆ. ಒಂದು ಮಾತು ಕೇಳ್ಲಿಲ್ಲ."

ಶೀಲಾವತಿ ಗೌನು ಕಳಚಿ ಹೊರಗೆ ಬಂದಳು.

ಕಾರಿಡಾರಿನ ಒಂದು ತುದಿಯಲ್ಲಿ ಪೋಕರ್ ಬ್ಯಾರಿ ಫೋನು ಕಿವಿಗಿಟ್ಟು ನಿಂತಿದ್ದರು. ಅವಳನ್ನು ಕಂಡು, ಮೊದಲು "ಕೈ?" ಎಂದು ಕೇಳಿದರು. ಮಗನ ಮಾತು ಆಮೇಲೆ ಎತ್ತಿದರು. "ಅಫ್ರೀದನ ಮೇಲೆ ಸಂಜೆ ಕೇಸು ಬರೀತಾರಂತೆ ಶೀಲಕ್ಕ."

"ಕೈ ಉಳಿಯಿತು ಪೋಕರಾಕ. ನಿಮ್ಮ ಮಗ ಏನೂ ಮಾಡಿಲ್ಲ. ಅದನ್ನು ನಾನು ಹೇಳ್ತೇನೆ" ಎಂದಳು. ಯಾರ ಹೆಸರು ಹಿಡಿದು ಹೇಳಬೇಕಾದೀತು ಎಂಬುದು ಆ ಮಾತಿನ ಹಿಂದೆಯೇ ಅವಳಿಗೆ ಹೊಳೆಯಿತು.

ಬಾಗಿಲ ಪಕ್ಕದ ಬೆಂಚಿನಿಂದ ನವ್ಯಾ ಮುಖವೆತ್ತಿದಳು. ಅತ್ತು ಬಾತ ಕಣ್ಣು, ಕೆದರಿದ ತಲೆ. ಇಪ್ಪತ್ತನಾಲ್ಕರ ಹುಡುಗಿ.

"ಅತ್ತೆ, ಅವರು ಒಳಗೆ ಎಂತಾದ್ರೂ ಮಾತಾಡಿದ್ರಾ?"

ನೋಡಬಾರದು ಎಂದುಕೊಂಡರೂ ಶೀಲಾವತಿಯ ಕಣ್ಣು ತಾನಾಗಿ ಕೆಳಗಿಳಿಯಿತು.

ನವ್ಯಾ ಎರಡೂ ಪಾದಗಳನ್ನು ಮೆಲ್ಲಗೆ ಹಿಂದಕ್ಕೆಳೆದು ಸೀರೆಯ ಅಂಚಿನೊಳಗೆ ಮುಚ್ಚಿಕೊಂಡಳು.

ಶೀಲಾವತಿ ಕಣ್ಣು ಮುಚ್ಚಿ ಎರಡೂ ಕೈ ಜೋಡಿಸಿದಳು. 'ಸ್ವಾಮೀ, ಮುಂದೆ ನಾನು ಏನು ಮಾಡಬೇಕೆಂದು ಈಗ ಕೇಳುವುದಿಲ್ಲ. ನನ್ನ ತಮ್ಮ ಅಚ್ಚುತ ಒಂದು ಮಾತು ಹೇಳಬೇಕೆಂದು ಕಾದಿದ್ದು, ಹೇಳದೆ ಹೋದ. ಆ ಭಾರ ಅವನ ಎದೆಯ ಮೇಲೆ ಉಳಿಯದಿರಲಿ. ಅವನು ಹೋದ ದಾರಿಯಲ್ಲಿ ಬೆಳಕಿರಲಿ. ಅವನ ಆತ್ಮಕ್ಕೆ ಶಾಂತಿ ಕೊಡು, ತಂದೆ.'